ಗುಡುಗಿನ ಹಲ್ಲು

ಮೆಚ್ಚಿನ ಬ್ಯಾಂಡಿನ ಷೋ ಮುಗಿದ ಮರುದಿನ ಬೆಳಗ್ಗೆ ಹಲ್ಲಕ್ಕನ ತಂಗಿಯ ಮನೆಯ ಅಡುಗೆಮನೆಯಲ್ಲಿ ಯಾರ ಮಾತೂ ಪೂರ್ತಿಯಾಗುತ್ತಿರಲಿಲ್ಲ. ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಿದ್ದರು. ಹಿಂದಿನ ಸಂಜೆ ಕ್ರೀಡಾಂಗಣದಲ್ಲಿ ಕೂಗಿ ಕೂಗಿ ಎಲ್ಲರ ಗಂಟಲೂ ಕಟ್ಟಿಹೋಗಿತ್ತು. ಆದರೂ ಸುಮ್ಮನಿರಲು ಯಾರೂ ತಯಾರಿರಲಿಲ್ಲ.

“ಲೈಟೆಲ್ಲಾ ಆರಿತಲ್ಲ, ನಾನು ಫ್ಯೂಸೇ ಹೋಯ್ತು ಅಂದ್ಕೊಂಡೆ,” ಎಂದ ಕರೆಂಟು. ಮನೆಗಳಿಗೆ ವೈರಿಂಗ್ ಮಾಡುವವನಾದ್ದರಿಂದ ಅವನಿಗೆ ಆ ಹೆಸರು. “ಎದ್ದು ಹೋಗಿ ಕೈ ಹಾಕೋಣ ಅನ್ನೋಷ್ಟರಲ್ಲಿ...”

“ನೀನು ಕೈ ಹಾಕಿದ್ರೆ ಷೋ ಅಲ್ಲಿಗೇ ಮುಗೀತಿತ್ತು,” ಎಂದಳು ತಂಗಿ. “ಕತ್ತಲಲ್ಲಿ ಆ ಧ್ವನಿ ಬಂತು ನೋಡಿ! ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬರೀ ಧ್ವನಿ. ಪಕ್ಕದಲ್ಲಿ ಯಾರಿದ್ದಾರೆ ಅಂತಾನೂ ನೋಡ್ದೆ ತಬ್ಬಿಕೊಂಡು ಅತ್ತುಬಿಟ್ಟೆ.”

“ಪಕ್ಕದಲ್ಲಿದ್ದದ್ದು ನಾನು,” ಎಂದರು ಗಣಿತದ ಮೇಷ್ಟ್ರು. “ನನ್ನ ಅಂಗಿ ಇನ್ನೂ ಒಣಗಿಲ್ಲ.” ಶಾಲೆಯಲ್ಲಿ ಅವರು ನಕ್ಕಿದ್ದನ್ನು ಕಂಡ ಮಕ್ಕಳಿಲ್ಲ. ನಿನ್ನೆ ಮಾತ್ರ ಕುರ್ಚಿ ಹತ್ತಿ ನಿಂತು, ಹಿಂದಿನ ಸಾಲಿನವರ ಕೈಲಿ ಬೈಸಿಕೊಂಡಿದ್ದರು.

ಇವರೆಲ್ಲರ ನಡುವೆ ಕಿತ್ತಳೆ ಸುಲಿಯುತ್ತ ಒಬ್ಬಳು ಸುಮ್ಮನೆ ಕೂತಿದ್ದಳು. ಅವಳೇ ಹಲ್ಲಕ್ಕ. ಗುಂಪಿನಲ್ಲಿ ಎಲ್ಲರಿಗಿಂತ ಹಳೆಯ ಅಭಿಮಾನಿ. ಆ ಬ್ಯಾಂಡಿನ ಮೊದಲ ಹಾಡನ್ನು ರೇಡಿಯೋದಲ್ಲಿ ಕೇಳಿದ ದಿನ ಕಾಲೇಜಿಗೆ ಚಕ್ಕರ್ ಹೊಡೆದವಳು. ಇಂಥ ಸುದ್ದಿ ಸಿಕ್ಕರೆ ಎಲ್ಲರ ಬಾಯಿ ಮುಚ್ಚಿಸಿ ತಾನೇ ಹೇಳುತ್ತಿದ್ದವಳು ಇವತ್ತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾಕೆಂದರೆ ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು, ಹೇಳುವ ಹಾಗಿರಲಿಲ್ಲ.

ಹಲ್ಲಕ್ಕ ಹಲ್ಲುಸೆಟ್ ಮಾಡುವವಳು. ದಂತವೈದ್ಯೆಯ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಹಿತ್ತಿಲ ಕಡೆಗೆ ಕಿಟಕಿಯಿರುವ ಒಂದು ಕೋಣೆ ಅವಳದು. ಮೇಜಿನ ತುಂಬ ಪ್ಲಾಸ್ಟರಿನ ಅಚ್ಚುಗಳು, ಮೇಣ ಕರಗಿಸುವ ಸಣ್ಣ ಒಲೆ, ಮೂಲೆಯಲ್ಲಿ ಸದಾ ಗುಂಯ್‌ಗುಡುವ ಪಾಲಿಶ್ ಮೋಟರು. ಕೆಲಸ ಕಲಿಸಿದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯ ಕೈಗೆ ಸಾಬೂನಿನ ಬಿಲ್ಲೆಯನ್ನೂ ಚೂರಿಯನ್ನೂ ಕೊಟ್ಟು, “ಇದರಲ್ಲಿ ಒಂದು ದವಡೆಹಲ್ಲು ಕೆತ್ತು, ನೋಡೋಣ,” ಎಂದಿದ್ದರು. ಕೆತ್ತಿದ್ದನ್ನು ನೋಡಿ, “ಇದು ಹಲ್ಲಲ್ಲ, ಆಲೂಗಡ್ಡೆ,” ಎಂದು ಬಕೆಟ್ಟಿಗೆ ಹಾಕಿದ್ದರು. ಆ ವರ್ಷವಿಡೀ ಮನೆಯವರೆಲ್ಲ ಹಲ್ಲಿನ ಆಕಾರದ ಸಾಬೂನಿನಲ್ಲೇ ಸ್ನಾನ ಮಾಡಿದರು. ಈಗ ಅತ್ತೆಯ ಬಾಯಲ್ಲಿರುವುದು ಸೊಸೆ ಮಾಡಿದ ಸೆಟ್ಟು. ಅದನ್ನು ಹಾಕಿಕೊಂಡೇ ಅವರು ಸೊಸೆಯನ್ನು ಬೈಯುತ್ತಾರೆ, ಒಂದಕ್ಷರವೂ ಜಾರದ ಹಾಗೆ. ತನ್ನ ಕೆಲಸದ ಬಗ್ಗೆ ಹಲ್ಲಕ್ಕನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ಕೆಲವು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಡಾಕ್ಟರಮ್ಮ ಅವಳನ್ನು ಒಳಗೆ ಕರೆದರು. ಹಲ್ಲಿನ ಬಣ್ಣ ಹೊಂದಿಸಲು ಹಾಗೆ ಕರೆಯುವುದು ರೂಢಿ. ಕುರ್ಚಿಯಲ್ಲಿ ನರೆತ ಗಡ್ಡದ, ದಪ್ಪ ಕನ್ನಡಕದ ಒಬ್ಬ ಗಂಡಸು ಒರಗಿದ್ದ. ಹಲ್ಲಕ್ಕ ಬಣ್ಣದ ಪಟ್ಟಿ ಹಿಡಿದು ಬಗ್ಗಿದಳು.

“ತುಂಬಾ ಬಿಳೀದು ಬೇಡ ಮೇಡಂ,” ಎಂದ ಅವನು. “ವಯಸ್ಸಿಗೆ ತಕ್ಕ ಹಾಗಿರಲಿ.”

‘ಸ’ಕಾರ ಬಂದಲ್ಲಿ ಸೀಟಿಯಂಥ ಸದ್ದು ಹೊರಟಿತು. ಆದರೆ ಅದರ ಕೆಳಗಿದ್ದ ಧ್ವನಿ! ಗುಡುಗು! ಅಭಿಮಾನಿಗಳೆಲ್ಲ ಹಾಗೆ ಕರೆಯುತ್ತಿದ್ದ, ಬ್ಯಾಂಡಿನ ಮೊದಲ ಹಾಡುಗಾರ. ಬೈಕ್ ಅಪಘಾತವಾದ ಮೇಲೆ ಒಂದೆರಡು ಷೋ ಹಾಡಿ, ಹೇಳದೆ ಕೇಳದೆ ಬ್ಯಾಂಡು ಬಿಟ್ಟು ಹೋದವನು. ಹತ್ತು ಹನ್ನೆರಡು ವರ್ಷಗಳಲ್ಲಿ ಅವನ ಬಗ್ಗೆ ಹರಡದ ಗಾಳಿಸುದ್ದಿಯಿಲ್ಲ. ಗಿಟಾರಿನವನ ಜೊತೆ ಹೊಡೆದಾಡಿದನಂತೆ, ಹಡಗಿನಲ್ಲಿ ಕೆಲಸಕ್ಕೆ ಸೇರಿದನಂತೆ, ಸತ್ತೇಹೋದನಂತೆ. ನಿಜವಾದ ಕಾರಣ ಈಗ ಅವಳ ಕಣ್ಣೆದುರು ಒಂದು ಸ್ಟೀಲ್ ತಟ್ಟೆಯಲ್ಲಿತ್ತು. ಅದು ಎಲ್ಲಿಯೋ ಯಾರೋ ಅವಸರಕ್ಕೆ ಮಾಡಿಕೊಟ್ಟಿದ್ದ, ಅಂಗುಳಿನಲ್ಲಿ ದಪ್ಪಗೆ ಕೂತ, ಬಾಯಿ ಅಗಲಿಸಿದರೆ ಕಳಚಿ ಬೀಳುವ ಮೇಲಿನ ಸೆಟ್ಟು.

ಅವನು ಹೋದ ಮೇಲೆ ಹಲ್ಲಕ್ಕ ಡಾಕ್ಟರಮ್ಮನ ಬಳಿ ನಿಂತಳು. “ಡಾಕ್ಟರೇ, ಇವರ ಅಚ್ಚು ಇನ್ನೊಂದು ಸಲ ತೆಗೀಬೇಕು. ಬಾಯಿ ಪೂರ್ತಿ ತೆರೆದು ‘ಆ’ ಅಂತ ಎಳೆಯೋವಾಗ ಕೆನ್ನೆ ಎಲ್ಲಿಗೆ ಬರುತ್ತೆ ಅನ್ನೋದು ಗೊತ್ತಾಗ್ಬೇಕು.”

“ಊಟ ಮಾಡೋಕೆ, ಮಾತಾಡೋಕೆ ಸಾಕು ಅಂದ್ರಲ್ಲಮ್ಮ ಅವರು?”

“ಅವರು ಅಂತಾರೆ, ಬಿಡಿ.”

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು, ಆಮೇಲೆ ಮುಗುಳ್ನಕ್ಕರು. ಹೊಸ ಅಚ್ಚು ತೆಗೆಯುವಾಗ ಅವರೂ ಕೈಯಲ್ಲಾದ ಜಾಣ್ಮೆಯನ್ನೆಲ್ಲ ಹಾಕಿದರು.

ಮೇಣದ ಮೇಲೆ ಹಲ್ಲು ಜೋಡಿಸಿ, ಬಾಯಿಗಿಟ್ಟು ನೋಡುವ ದಿನ ಬಂತು. ಹಲ್ಲಕ್ಕ ಅವನನ್ನು ತನ್ನ ಕೋಣೆಗೇ ಕರೆಸಿಕೊಂಡು ಬಾಗಿಲು ಮುಂದೆ ಮಾಡಿದಳು.

“ಒಂದು ಸಾಲು ಹಾಡಿ ಸರ್.”

ಅವನ ಮುಖ ಗಂಟಿಕ್ಕಿತು. “ಯಾಕೆ? ನಾನೇನು ಹಾಡುಗಾರನಾ?”

“ಅಲ್ವಾ? ಹಾಗಾದ್ರೆ ನಾನೇ ಹಾಡ್ತೀನಿ. ಹಲ್ಲು ಕೂತಿದೆಯೋ ಇಲ್ವೋ ಅಂತ ನೋಡೋಕೆ ಯಾರಾದ್ರೂ ಹಾಡ್ಲೇಬೇಕಲ್ಲ.” ಹೀಗೆಂದು ಹಲ್ಲಕ್ಕ ಅವನದೇ ಹಾಡನ್ನು ಎತ್ತಿಕೊಂಡಳು. ಅವಳಿಗೆ ಕೈಯಲ್ಲಿ ಏನೇನು ವಿದ್ಯೆಯಿದೆಯೋ ಗಂಟಲಲ್ಲಿ ಅದರ ಚೂರೂ ಇರಲಿಲ್ಲ. ಶ್ರುತಿ ಒಂದು ಕಡೆ, ಅವಳು ಇನ್ನೊಂದು ಕಡೆ. ಪಲ್ಲವಿ ಮುಗಿಯುವ ಹೊತ್ತಿಗೆ ಅವನು ಕಿವಿ ಮುಚ್ಚಿಕೊಂಡಿದ್ದ.

“ಸಾಕು ಮಾರಾಯ್ರೇ, ಸಾಕು! ಅದು ಹಾಗಲ್ಲ.”

“ಮತ್ತೆ ಹೇಗೆ?”

ಅವನು ಬಾಗಿಲ ಕಡೆ ನೋಡಿದ. ಹೊರಗೆ ರೋಗಿಗಳು ಕೂತಿದ್ದರು. ಹಲ್ಲಕ್ಕನಿಗೆ ಅರ್ಥವಾಯಿತು. ಪಾಲಿಶ್ ಮೋಟರಿನ ಗುಂಡಿ ಒತ್ತಿದಳು. ಕೋಣೆಯ ತುಂಬ ಗುಂಯ್ ಎನ್ನುವ ಸದ್ದು ಹರಡಿತು. ಅವನು ಕ್ಷಣ ಹೊತ್ತು ಕಿವಿಗೊಟ್ಟು, ಆ ಸದ್ದನ್ನೇ ಶ್ರುತಿಯಾಗಿ ಹಿಡಿದು, ಮೆಲ್ಲಗೆ ಹಾಡತೊಡಗಿದ. ಎರಡನೇ ಸಾಲಿಗೆ ‘ಸ’ ಮತ್ತೆ ಸೀಟಿ ಹಾಕಿತು. ಹಲ್ಲಕ್ಕ ಸೆಟ್ಟು ತೆಗೆಸಿ, ಮುಂದಿನ ಹಲ್ಲುಗಳ ಹಿಂದೆ ಮೇಣವನ್ನು ಬಿಸಿ ಚೂರಿಯಿಂದ ಕೂದಲೆಳೆಯಷ್ಟು ಕೆರೆದು, ಮತ್ತೆ ಇಟ್ಟಳು. “ಈಗ?” ಇನ್ನಷ್ಟು ಕೆರೆದಳು. “ಈಗ?” ಕಡೆಗೆ ಆ ಸಾಲು ನೀರಿನ ಹಾಗೆ ಹರಿಯಿತು. ಅವನು ಅರ್ಧಕ್ಕೇ ನಿಲ್ಲಿಸಿ, ಕಿಟಕಿಯ ಕಡೆ ತಿರುಗಿ ನಿಂತ. ಹಲ್ಲಕ್ಕ ಮೇಜಿನ ಮೇಲಿನ ಮೇಣದ ಪುಡಿ ಒರೆಸುತ್ತ ನಿಂತಳು.

“ನಿಮಗೆ ಮೊದಲ ದಿನವೇ ಗೊತ್ತಾಯ್ತಾ?” ಎಂದು ಕೇಳಿದ ಅವನು.

“ನೀವು ಬಾಯಿ ತೆರೆದ ಕೂಡ್ಲೇ.”

“ಯಾರಿಗೂ ಹೇಳ್ಬೇಡಿ. ಕಟ್ಟುಹಲ್ಲಿನ ಹಾಡುಗಾರ ಅಂತ ನಗ್ತಾರೆ.”

“ನಗೋದಕ್ಕೂ ಹಲ್ಲು ಬೇಕಲ್ಲ ಸರ್, ನಮ್ಮಲ್ಲಿಗೇ ಬರ್ತಾರೆ,” ಎಂದಳು ಹಲ್ಲಕ್ಕ. ಅವನು ಜೋರಾಗಿ ನಕ್ಕ. ಸೆಟ್ಟು ಮಿಸುಕಲಿಲ್ಲ. “ಇಲ್ಲ, ನನ್ನ ಬಾಯಿಂದ ಹೊರಗೆ ಬರಲ್ಲ. ಅದೊಂದು ಭರವಸೆ ಕೊಡ್ತೀನಿ. ಇನ್ನೊಂದು ಭರವಸೆ, ಇದು ನಿಮ್ಮ ಬಾಯಿಂದ ಹೊರಗೆ ಬರಲ್ಲ.”

ಅದಾದ ಮೇಲೆ ಅವನು ಹೊಸ ಹಲ್ಲು ಹಾಕಿಕೊಂಡು ಹೋದವನು ಮತ್ತೆ ಕಾಣಿಸಿರಲಿಲ್ಲ. ಅವನು ಎಲ್ಲೋ ಬಚ್ಚಲಲ್ಲಾದರೂ ಹಾಡಿಕೊಳ್ಳುತ್ತಿರಬಹುದು ಎಂದುಕೊಂಡು ಅವಳು ಖುಷಿಪಟ್ಟಿದ್ದಳು. ವೇದಿಕೆ ಹತ್ತುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹಾಗಾಗಿ ಹಿಂದಿನ ಸಂಜೆ ಕತ್ತಲಿಂದ ಆ ಧ್ವನಿ ಬಂದಾಗ ಸುತ್ತಲಿನ ಎಲ್ಲರಂತೆ ಅವಳೂ ವೇದಿಕೆಯ ಕಡೆ ಕತ್ತು ಚಾಚಿದ್ದಳು. ಬೆಳಕು ಬಂತು. ಗಡ್ಡ ಬೋಳಿಸಿ, ಕನ್ನಡಕ ತೆಗೆದಿಟ್ಟು, ಗುಡುಗು ನಿಂತಿದ್ದ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಬ್ಯಾಂಡಿನ ಈಗಿನ ಹಾಡುಗಾರ್ತಿ ಮೈಕು ಅವನಿಗೆ ಬಿಟ್ಟು ಪಕ್ಕಕ್ಕೆ ಸರಿದು ಚಪ್ಪಾಳೆ ತಟ್ಟುತ್ತಿದ್ದಳು. ಜನ ಅವನ ಮುಖ ನೋಡಿದರು, ಹಲ್ಲಕ್ಕ ಅವನ ದವಡೆ ನೋಡಿದಳು. ಆ ಹಾಡಿನ ನಡುವೆ ಒಂದು ಉದ್ದನೆಯ ಕೂಗಿದೆ, ಬಾಯಿ ಪೂರ್ತಿ ತೆರೆದು ಆಕಾಶಕ್ಕೆ ಎಸೆಯಬೇಕಾದದ್ದು. ಹಳೆಯ ಸೆಟ್ಟು ಅವನಿಗೆ ಕೈಕೊಟ್ಟದ್ದು ಅಲ್ಲೇ ಇರಬೇಕು. ಅದು ಹತ್ತಿರ ಬರುತ್ತಿದ್ದ ಹಾಗೆ ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆಮೇಲೆ ತಾನು ತೀಡಿದ ಒಂದೊಂದು ಅಂಚೂ ಬೆರಳಿಗೆ ನೆನಪಾಯಿತು. ಎಲ್ಲಿಯೂ ಅವಸರ ಮಾಡಿರಲಿಲ್ಲ, ಎಲ್ಲಿಯೂ ‘ನಡೆಯುತ್ತೆ ಬಿಡು’ ಅಂದಿರಲಿಲ್ಲ.

“ಬೀಳಲ್ಲ,” ಎಂದಳು ಗಟ್ಟಿಯಾಗಿ.

“ಯಾರು ಬೀಳಲ್ಲ?” ಎಂದು ತಂಗಿ ಕಿರುಚಿ ಕೇಳಿದಳು.

“ಏನಿಲ್ಲ, ನೀನು ಕೇಳು!”

ಕೂಗು ಏರಿತು, ನಿಂತಿತು, ಇನ್ನೂ ಏರಿತು. ಬೀಳಲಿಲ್ಲ.

ಈಗ ಅಡುಗೆಮನೆಯಲ್ಲಿ ಕರೆಂಟು ಬ್ರೆಡ್ಡಿನ ತುಂಡು ಎತ್ತಿ ಹಿಡಿದು ತೀರ್ಪು ಕೊಡುತ್ತಿದ್ದ. “ನನ್ನನ್ನ ಕೇಳಿದ್ರೆ ಅದು ರೆಕಾರ್ಡಿಂಗು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವರು ಆ ಕೂಗು ಕೂಗೋದಾ? ಸಾಧ್ಯವೇ ಇಲ್ಲ. ಹಳೇ ಟೇಪು ಹಾಕಿ ತುಟಿ ಆಡಿಸಿದ್ದಾರೆ.”

ಹಲ್ಲಕ್ಕ ಕಿತ್ತಳೆಯನ್ನು ಕೆಳಗಿಟ್ಟಳು. “ಎರಡನೇ ಚರಣದಲ್ಲಿ ಉಸಿರು ಸಾಲದೆ ಒಂದು ಪದ ನುಂಗಿದ್ರು. ಕೇಳಿಸ್ಲಿಲ್ವಾ ನಿನಗೆ? ಟೇಪಿನಲ್ಲಿ ಯಾರಾದ್ರೂ ಪದ ನುಂಗ್ತಾರೇನೋ?”

“ಹೌದು, ನುಂಗಿದ್ರು,” ಎಂದರು ಮೇಷ್ಟ್ರು.

“ಹಾಡಿದ್ದು ಅವರೇ. ಇಷ್ಟಕ್ಕೆ ಬಿಟ್ಟುಬಿಡು,” ಎಂದಳು ಹಲ್ಲಕ್ಕ. ಅವಳ ದನಿಯಲ್ಲಿದ್ದ ಖಚಿತತೆಗೆ ಕರೆಂಟು ಕೂಡ ವಾದ ಬಿಟ್ಟು ಬ್ರೆಡ್ಡು ಬಾಯಿಗಿಟ್ಟುಕೊಂಡ. ತಂಗಿ ಮಾತ್ರ ಅಕ್ಕನನ್ನು ಓರೆಗಣ್ಣಿನಿಂದ ನೋಡಿದಳು.

ಮರುದಿನ ಕ್ಲಿನಿಕ್ಕು ತೆರೆಯುವ ಮೊದಲೇ ಗುಡುಗು ಬಾಗಿಲಲ್ಲಿ ನಿಂತಿದ್ದ. ಕೆನ್ನೆ ಹಿಡಿದುಕೊಂಡಿದ್ದ. ಹಾಡಿ ಹಾಡಿ ಒಂದು ಕಡೆ ವಸಡು ಕೆಂಪಾಗಿತ್ತು. ಡಾಕ್ಟರಮ್ಮ ನೋಡಿ ಗುರುತು ಹಾಕಿಕೊಟ್ಟ ಜಾಗವನ್ನು ಹಲ್ಲಕ್ಕ ನಯವಾಗಿ ಉಜ್ಜಿದಳು.

“ಬೈಯಬೇಕು ನಿಮ್ಮನ್ನ,” ಎಂದಳು. “ಬರ್ತೀನಿ ಅಂತ ಒಂದು ಮಾತು ಹೇಳಿದ್ರೆ ಮೊದಲೇ ಸರಿ ಮಾಡಿಕೊಡ್ತಿದ್ದೆ.”

“ನನಗೇ ಧೈರ್ಯ ಇರ್ಲಿಲ್ಲ ಮೇಡಂ. ವೇದಿಕೆ ಹಿಂದೆ ನಿಂತು, ವಾಪಸ್ ಹೋಗ್ಲಾ ಅಂತ ಯೋಚಿಸ್ತಿದ್ದೆ. ಆಮೇಲೆ ನಿಮ್ಮ ಹಾಡು ನೆನಪಾಯ್ತು. ಅದಕ್ಕಿಂತ ಕೆಟ್ಟದಾಗಿ ಹಾಡೋಕಂತೂ ಸಾಧ್ಯವಿಲ್ಲ ಅನ್ನಿಸ್ತು. ಹೋಗಿ ಹಾಡಿದೆ.” ಅವನು ನಗುತ್ತ ಎದ್ದ. “ಇನ್ನು ಮುಚ್ಚಿಡೋದು ಬೇಡ. ಬ್ಯಾಂಡಿನವರಿಗೆ ಹೇಳಿದ್ದೀನಿ. ನೀವೂ ನಿಮ್ಮವರಿಗೆ ಹೇಳಿ. ಮುಂದಿನ ಊರಿಗೂ ಹೋಗ್ತಿದ್ದೀನಿ, ಇನ್ನೊಂದು ಸೆಟ್ಟು ಮಾಡಿಡಿ.”

ಆ ಸಂಜೆಯೇ ಹಲ್ಲಕ್ಕ ತಂಗಿಯ ಮನೆಯಲ್ಲಿ ಎಲ್ಲರನ್ನೂ ಕೂಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಿ ಮುಗಿದದ್ದೇ ಕರೆಂಟು ಮೇಜು ಗುದ್ದಿ ನಕ್ಕ.

“ಹಲ್ಲಕ್ಕಾ, ರೈಲು ಬಿಡೋದಕ್ಕೂ ಒಂದು ಮಿತಿ ಬೇಡ್ವಾ? ಗುಡುಗು ಬರೋದು, ನಿನ್ನ ಮುಂದೆ ಬಾಯಿ ತೆರೆಯೋದು!”

“ನಂಬದಿದ್ರೆ ಬಿಡಪ್ಪ. ಹಲ್ಲಂತೂ ಅಲ್ಲಾಡಲ್ಲ.”

“ನಾನು ನಂಬ್ತೀನಿ,” ಎಂದಳು ತಂಗಿ. “ಚಿಕ್ಕಂದಿನಿಂದ ನೋಡಿದ್ದೀನಿ, ಸುಳ್ಳು ಹೇಳೋವಾಗ ಇವಳು ಕೈ ಬೀಸ್ತಾ ಹೇಳ್ತಾಳೆ. ಇವತ್ತು ಕೈ ಕಟ್ಟಿ ಕೂತಿದ್ದಾಳೆ.” ಮರುಗಳಿಗೆಯಲ್ಲೇ ಅವಳಿಗೆ ಕೋಪ ಬಂತು. “ಆದ್ರೆ ನನಗೂ ಹೇಳ್ಲಿಲ್ವಲ್ಲೇ! ಒಡಹುಟ್ಟಿದವಳಿಗೆ!”

“ನಿನಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ ಕಣೇ.”

ಮೇಷ್ಟ್ರು ಜೋರಾಗಿ ನಕ್ಕರು. ತಂಗಿ ಮುನಿಸಿಕೊಂಡು ಒಳಗೆ ಹೋದಳು. ಹೋದವಳು ಎಲ್ಲರಿಗೂ ಟೀ ಮಾಡಿಕೊಂಡು ಬಂದಳು.

ಮುಂದಿನ ಊರಿನ ಷೋಗೆ ಎಲ್ಲರೂ ಹೊರಟರು. ಅಷ್ಟರಲ್ಲಿ ಗುಡುಗು ರೇಡಿಯೋದಲ್ಲಿ ತನ್ನ ಅಪಘಾತದ ಕಥೆಯನ್ನೂ ಹಲ್ಲಿನ ಕಥೆಯನ್ನೂ ತಾನೇ ಹೇಳಿಕೊಂಡಿದ್ದ. ಯಾರೂ ನಗಲಿಲ್ಲ. ಟಿಕೆಟ್ಟುಗಳು ಮಾತ್ರ ಬಿಸಿಬಿಸಿಯಾಗಿ ಖರ್ಚಾದವು. ಮಧ್ಯಾಹ್ನದ ಬಿಸಿಲಲ್ಲಿ ಗೇಟಿನ ಮುಂದೆ ಉದ್ದನೆಯ ಸಾಲು. ಹಲ್ಲಕ್ಕ ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಕರೆಂಟು ಗುರುತುಪರಿಚಯವಿಲ್ಲದ ಐದಾರು ಮಂದಿಯನ್ನು ಸುತ್ತ ಸೇರಿಸಿಕೊಂಡಿದ್ದ.

“ನನಗೆ ಮೊದಲ ದಿನದಿಂದಲೇ ಗೊತ್ತಿತ್ತು ಕಣ್ರೀ,” ಎನ್ನುತ್ತಿದ್ದ. “ನಮ್ಮ ಅಕ್ಕನೇ ಮಾಡಿದ್ದು. ರಾತ್ರಿ ಹಗಲು ಕೂತು ಮಾಡಿದ್ಲು. ಟಾರ್ಚು ಹಿಡಿದವನು ನಾನೇ. ಆ ಕೂಗಿದೆಯಲ್ಲ, ಅದಕ್ಕೇ ಅಂತ ಒಳಗಡೆ ಚಿನ್ನದ ತಗಡು ಹಾಕಿದ್ದಾಳೆ. ನೋಡಿ, ಅಲ್ಲಿ ಬರ್ತಿದ್ದಾಳೆ, ಅವಳನ್ನೇ ಕೇಳಿ ಬೇಕಾದ್ರೆ.”

ಎಲ್ಲರೂ ತಿರುಗಿ ಹಲ್ಲಕ್ಕನನ್ನು ನೋಡಿದರು. ಒಬ್ಬ ಹೆಂಗಸು ಹತ್ತಿರ ಬಂದು, “ಹೌದೇನ್ರೀ? ನಿಜವಾಗ್ಲೂ ನೀವೇನಾ?” ಎಂದಳು.

ಹಲ್ಲಕ್ಕ ಬಾಟಲಿಯನ್ನು ಕರೆಂಟಿನ ಕೈಗಿಟ್ಟಳು. “ಮಾಡಿದ್ದು ನಾನೇ,” ಎಂದಳು. “ಚಿನ್ನ ಇಲ್ಲ. ಇವನೂ ಇರ್ಲಿಲ್ಲ.”

ಸಾಲು ಗೊಳ್ಳೆಂದು ನಕ್ಕಿತು. ಗೇಟು ತೆರೆಯಿತು. ಅವಳು ತಂಗಿಯ ಕೈ ಹಿಡಿದು, ವೇದಿಕೆಗೆ ಹತ್ತಿರದ ಜಾಗ ಹಿಡಿಯಲು ಎಲ್ಲರಿಗಿಂತ ಮೊದಲೇ ಓಡಿದಳು.