ಮಧ್ಯಾಹ್ನದ ಮೊಗ್ಗಿನ ತೂಕ

ಬಿಸಿಲೇರಿದಂತೆ ಮಲ್ಲಿಗೆ ಮೊಗ್ಗು ಹಗುರಾಗುತ್ತದೆ. ಹಡಗಲಿ ಕಡೆ ಯಾವ ತೋಟದವರನ್ನು ಕೇಳಿದರೂ ಹೇಳುವ ಮಾತು ಇದು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇದನ್ನೇ ಕಂಪ್ಯೂಟರಿನ ಬಾಯಿಂದ ಹೇಳಿಸಲು ಹೊರಟೆ. ಅದು ಒಪ್ಪಲಿಲ್ಲ.

ನಾನಾಗ ದೂರದ ಊರಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೆ. ನನ್ನ ಪ್ರಬಂಧಕ್ಕೆ ಮೂರು ಅಂಕಿ ಬೇಕಿದ್ದವು: ಮೊಗ್ಗು ಕಿತ್ತ ಹೊತ್ತು, ಗಿಡಕ್ಕೆ ನೀರು ಬಿಟ್ಟು ಎಷ್ಟು ದಿನವಾಯಿತು, ನೂರು ಮೊಗ್ಗಿನ ತೂಕ. ಸಂಖ್ಯಾಶಾಸ್ತ್ರದ ಒಂದು ಪ್ರೋಗ್ರಾಂ ಈ ಅಂಕಿಗಳನ್ನೆಲ್ಲ ಚುಕ್ಕಿಗಳನ್ನಾಗಿ ಮಾಡಿ, ಅವುಗಳ ಮೇಲೆ ಒದ್ದೆ ಸೀರೆ ಒಣಹಾಕಿದ ಹಾಗೆ ನುಣುಪಾದ ಗೆರೆಗಳ ಚಿತ್ರ ಬರೆಯುತ್ತಿತ್ತು. ಎತ್ತರ, ತಗ್ಗು, ಇಳಿಜಾರು ಎಲ್ಲವೂ ಕಾಗದದ ಮೇಲೆ ಕಾಣುತ್ತಿದ್ದವು. ಆ ಚಿತ್ರ ಸರಿಯಾಗಿ ಬಂದರೆ ನನಗೆ ಡಿಗ್ರಿ, ಇಲ್ಲವಾದರೆ ಮುಂದಿನ ಹೂವಿನ ಕಾಲದವರೆಗೆ ಕಾಯಬೇಕು.

ಕ್ಲಾಸು ಬಿಟ್ಟು ಹಡಗಲಿ ಹತ್ತಿರದ ನಮ್ಮ ತೋಟದಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ, ಹಾಗಾಗಿ ತೂಕದ ಕೆಲಸ ಅವ್ವನ ಪಾಲಿಗೆ ಬಂತು. ನಾಲ್ಕನೇ ಕ್ಲಾಸು ಓದಿದವಳು, ಅಂಕಿ ದುಂಡಗೆ ಬರೆಯುತ್ತಿದ್ದಳು. ನಾನು ಕೊಟ್ಟ ಸಣ್ಣ ತಕ್ಕಡಿಯಲ್ಲಿ ದಿನಕ್ಕೆ ನಾಲ್ಕು ಸಲ ತೂಗಬೇಕು: ನಸುಕಿನಲ್ಲಿ, ಹತ್ತು ಗಂಟೆಗೆ, ನಡು ಮಧ್ಯಾಹ್ನ, ಸಂಜೆ. ಮಧ್ಯಾಹ್ನ ಹೂ ಕೀಳುವುದು ಯಾವ ಸೀಮೆ ಓದು ಎಂದು ಗೊಣಗಿದಳು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಅವಳ ನೋಟುಬುಕ್ಕಿನ ಅಂಕಿಗಳನ್ನು ನಾನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಡುತ್ತಿದ್ದೆ. ಫಲಿತಾಂಶ ಮರುದಿನ. ಮೊದಲ ಸಲ ಒಂದು ಕಾರ್ಡು ಹಿಂದುಮುಂದಾಗಿ ಇಡೀ ಕಟ್ಟು ವಾಪಸ್ ಬಂತು. ಎರಡನೇ ಸಲ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅಷ್ಟಕ್ಕೇ ಒಂದು ಪುಟ ತುಂಬ ಕಂಪ್ಯೂಟರಿನ ಬೈಗುಳ ಅಚ್ಚಾಗಿ ಬಂತು. ಮೂರನೇ ಸಲ ಚಿತ್ರ ಬಂತು. ಮಧ್ಯಾಹ್ನ ಆಳವಾದ ತಗ್ಗು ಇರಬೇಕಾದ ಕಡೆ ಎತ್ತಿನ ಡುಬ್ಬದಂಥ ಗುಡ್ಡ ಎದ್ದು ನಿಂತಿತ್ತು.

ತೂತಿನಲ್ಲೇ ತಪ್ಪಿರಬೇಕೆಂದು ಕಾರ್ಡುಗಳನ್ನೆಲ್ಲ ಮತ್ತೆ ಹೊಡೆಸಿದೆ. ಗುಡ್ಡ ಕರಗಲಿಲ್ಲ. ಗೆರೆ ಇನ್ನಷ್ಟು ನುಣುಪಾಗಲಿ ಎಂದು ಪ್ರೋಗ್ರಾಮಿಗೆ ಹೇಳಿದರೆ ಗುಡ್ಡ ಒಂಚೂರು ಕುಗ್ಗಿ, ಪಕ್ಕದ ಒಳ್ಳೆ ಅಂಕಿಗಳನ್ನೂ ಮೇಲಕ್ಕೆ ಎಳೆದುಕೊಂಡಿತು. ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಮೇಷ್ಟ್ರು ಚಿತ್ರ ನೋಡಿ, ಈ ಗುಡ್ಡಕ್ಕೆ ಕಾರಣ ಹೇಳದ ಹೊರತು ಸಹಿ ಹಾಕುವುದಿಲ್ಲ ಎಂದರು.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬಂದೆ. ನಾನು ಬರುವುದು ಅವ್ವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಉರಿಬಿಸಿಲಲ್ಲಿ ಅವಳು ಸೆರಗು ತಲೆಗೆ ಹೊದ್ದು ಮೊಗ್ಗು ಎಣಿಸಿ ಎಣಿಸಿ ಕೀಳುತ್ತಿದ್ದಳು. ಆಮೇಲೆ ನೆರಳಿಗೆ ಬಂದಳು, ಚೆಂಬಿನಲ್ಲಿ ಕೈ ಅದ್ದಿದಳು, ಮೊಗ್ಗಿಗೆ ನೀರು ಚಿಮುಕಿಸಿದಳು. ಒದ್ದೆ ಬಟ್ಟೆಯಲ್ಲಿ ಒಂದು ಗಳಿಗೆ ಸುತ್ತಿಟ್ಟು, ಬಿಚ್ಚಿ, ತಕ್ಕಡಿಗೆ ಸುರಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಕೇಳಿದರೆ ಅವ್ವ ಸಹಜವಾಗಿಯೇ ಹೇಳಿದಳು. ಬೆಳಗಿನ ಹೂವಿಗೆ, ಸಂಜೆಯ ಹೂವಿಗೆ ನೀರು ಬೇಕಾಗಿರಲಿಲ್ಲವಂತೆ, ಅವು ತಾವೇ ಬಿಗಿಯಾಗಿ ಇರುತ್ತಿದ್ದವು. ಮಧ್ಯಾಹ್ನದ್ದು ಮಾತ್ರ ಜೋತುಬೀಳುತ್ತಿತ್ತು.

"ಬಾಡಿದ ಹೂವು ನಿಮ್ಮ ಮೇಷ್ಟ್ರ ಮುಂದ ಇಡ್ಲೇನ ಮಗಳ? ನಮ್ಮ ತೋಟದ ಹೂವು ಅಂತ ಹೇಳ್ತಿ ನೀನು."

ಹೂವು ಅಲ್ಲಿಗೆ ಹೋಗುವುದಿಲ್ಲ, ಬರೀ ಅಂಕಿ ಹೋಗುತ್ತದೆ ಎಂದು ಕೂಗಿದೆ. ಇಲ್ಲದ ತೂಕ ಇದೆ ಅಂತ ಬರೆಯುವುದು ಮೋಸ, ನನ್ನ ಒಂದು ವರ್ಷ ನೀರುಪಾಲು ಮಾಡಿದಿ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಪಕ್ಕದ ತೋಟದವರು ನಿಂತು ನೋಡಿದರು. ಅವ್ವ ನೋಟುಬುಕ್ಕು ನನ್ನ ಕೈಗಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಹೂವಿನ ಕಾಲವೂ ಮುಗಿಯುತ್ತ ಬಂದಿತ್ತು, ಮತ್ತೆ ತೂಗಲು ದಿನ ಉಳಿದಿರಲಿಲ್ಲ. ಮೇಷ್ಟ್ರಿಗೆ ನಡೆದದ್ದನ್ನು ಹೇಳಿದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ. ಮಧ್ಯಾಹ್ನದ ಕಾರ್ಡುಗಳನ್ನು ಕಟ್ಟಿನಿಂದ ತೆಗೆದುಬಿಡು, ಉಳಿದವುಗಳ ನಡುವೆ ಪ್ರೋಗ್ರಾಂ ತಾನೇ ಗೆರೆ ಎಳೆಯುತ್ತದೆ ಎಂದರು. ಹಾಗೇ ಮಾಡಿದೆ. ಹತ್ತು ಗಂಟೆಯಿಂದ ಇಳಿದ ಗೆರೆ ಮಧ್ಯಾಹ್ನ ತಗ್ಗಿಗೆ ಬಿದ್ದು ಸಂಜೆಗೆ ಮೆಲ್ಲಗೆ ಎದ್ದಿತು. ಮಧ್ಯಾಹ್ನದ ಜಾಗ ಅಂದಾಜಿನದು ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದೆವು. ಮೇಷ್ಟ್ರು ಖುಷಿಯಿಂದ ಸಹಿ ಹಾಕಿದರು. ಅವ್ವ ಬಿಸಿಲಲ್ಲಿ ನಿಂತು ಕಿತ್ತ ಅಷ್ಟು ಮೊಗ್ಗುಗಳಲ್ಲಿ ಒಂದೂ ಆ ಚಿತ್ರಕ್ಕೆ ಬೇಕಾಗಲಿಲ್ಲ.

ಡಿಗ್ರಿ ಬಂದ ಮೇಲೆ ಚಿತ್ರದ ಒಂದು ಪ್ರತಿ ಮನೆಗೆ ಒಯ್ದೆ. ಅವ್ವ ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ನಸುಕು ಎಲ್ಲಿ, ಸಂಜೆ ಎಲ್ಲಿ ಎಂದು ಕೇಳಿದಳು. ತೋರಿಸಿದೆ.

"ನಾ ಮಧ್ಯಾಹ್ನ ಕಿತ್ತಿದ್ದು?"

ಅವು ಇದರಲ್ಲಿ ಇಲ್ಲ, ತೆಗೆದುಹಾಕಿದ್ದೇವೆ ಎಂದೆ.

"ಮತ್ತ ಇಲ್ಲಿ ಗೆರಿ ಐತಲ್ಲ?"

ಅದು ಕಂಪ್ಯೂಟರ್ ಆಚೀಚೆಯ ಅಂಕಿ ನೋಡಿ ಅಂದಾಜಿನ ಮೇಲೆ ಎಳೆದದ್ದು ಎಂದೆ. ಅವ್ವ ಆ ತಗ್ಗಿನ ಮೇಲೆ ಬೆರಳು ಆಡಿಸಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಅಂದಾಜಿಲೆ ಬರಿಯೋದಾಗಿದ್ರ ನನಗ್ಯಾಕ ಅಷ್ಟು ಬೈದಿ?"

ನಾನು ಕಾಗದ ಮಡಚತೊಡಗಿದೆ.