ನೈರಿ ಕೋವಿ ನೋಡಲು ಬಂದ ದಿನ

ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ಮಂಡಿ ಮುಟ್ಟುವ ಉಣ್ಣೆಕೋಟು ತೊಟ್ಟು ನೈರಿ ಪುಲ್ಲರ್ ನನ್ನ ಕೋವಿ ಅಂಗಡಿಗೆ ನುಗ್ಗಿದಳು. ಹಿಂದೆಯೇ ಅವಳ ಅಣ್ಣ ಕಾಲಿನ್, ಕೈಯಲ್ಲಿ ಬಿಸಿ ಮಾಂಸದ ಪೈ.

"ಏನೇ ಇದು ವೇಷ? ಚಳಿಜ್ವರಾನಾ?" ಅಂದೆ.

"ಸುಮ್ನಿರೋ ಡೆಸ್. ಕಾಡಿಗೆ ಹಾಕ್ಕೊಂಡು ಹೋಗೋ ಕೋಟಲ್ಲೇ ಕೋವಿ ನೋಡ್ಬೇಕು. ತೆಳು ಅಂಗೀಲಿ ಹೆಗಲಿಗೆ ಸರಿಯಾಗಿ ಕೂತ ಕೋವಿ ದಪ್ಪ ಕೋಟಲ್ಲಿ ಉದ್ದ ಆಗುತ್ತೆ. ಅಂಗಡಿ ಇಟ್ಟಿರೋನಿಗೆ ಇದನ್ನೂ ನಾನೇ ಹೇಳ್ಕೊಡ್ಬೇಕಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವಳು ಹೇಳಿದ್ದು ನಿಜ.

ನಮ್ಮೂರು ಟುವಾಟಪೆರೆಯ ಶಾಲಾ ಬಸ್ಸು ಓಡಿಸುವವಳು ನೈರಿ. ವಯಸ್ಸು ಐವತ್ತೆಂಟು. ಬಸ್ಸಿನಲ್ಲಿ ಗಲಾಟೆ ಮಾಡಿದ ಮಕ್ಕಳಿಗೆ ಬೈಯುವುದಿಲ್ಲ, ನಿಲ್ಲಿಸಿ ಹಾಡು ಹೇಳಿಸುತ್ತಾಳೆ. ಗಂಡು ಜಿಂಕೆಗಳು ಕೂಗುವ ಏಪ್ರಿಲ್ ಬಂತೆಂದರೆ, ಕಾಲಿನ್ ಕೊಟ್ಟ ಹಳೇ ರೈಫಲ್ ಹಿಡಿದು ಅವನ ಜೊತೆ ಬೆಟ್ಟ ಹತ್ತುತ್ತಾಳೆ. ಮೂವತ್ತೊಂದು ವರ್ಷದಿಂದ ಹೀಗೇ. ಮೊದಲ ಗುಂಡು ತಪ್ಪಿತೋ, ಮುಗಿಯಿತು. ಎರಡನೆಯದು ಹೊಡೆಯುವಷ್ಟರಲ್ಲಿ ಜಿಂಕೆ ಪಕ್ಕದ ಕಣಿವೆಯಲ್ಲಿರುತ್ತದೆ. ಕಾಲಿನ್ ಅದನ್ನು ಊರಿಗೆಲ್ಲ ಸಾರಿಕೊಂಡು ನಗುತ್ತಾನೆ. ಈ ಸಲ ಕೈಗೆ ಒಗ್ಗುವ ಕೋವಿ ಸಿಗದಿದ್ದರೆ ಬೇಟೆಯನ್ನೇ ಬಿಟ್ಟುಬಿಡುತ್ತೇನೆಂದು ಅವಳು ಹಿಂದಿನ ವಾರ ನನ್ನ ಹತ್ತಿರ ಹೇಳಿದ್ದಳು. ಆಗ ಮಾತ್ರ ಅವಳು ನಕ್ಕಿರಲಿಲ್ಲ.

"ಮಳೆಗೆ ಪ್ಲಾಸ್ಟಿಕ್ ಹಿಡಿ ಇರೋದೇ ಒಳ್ಳೇದು ಕಣೇ," ಅಂದ ಕಾಲಿನ್.

"ಪ್ಲಾಸ್ಟಿಕ್ ಬೇಕಾದ್ರೆ ಬಕೆಟ್ ತಗೋತೀನಿ ಬಿಡೋ!"

ಅವಳಿಗೆ ಬೇಕಾದದ್ದು ಅಕ್ರೋಟ ಮರದ ಹಿಡಿ, ಕಪ್ಪುನೀಲಿ ಉಕ್ಕಿನ ನಳಿಗೆ, ತೋಟಾವನ್ನು ಕಚ್ಚಿ ಎಳೆಯುವ ಅಗಲವಾದ ಉಗುರಿನಂಥ ಕೊಕ್ಕೆ. ಬೆಲೆ ಸಾವಿರದೈನೂರು ಡಾಲರ್ ದಾಟಕೂಡದು. ಒಳ್ಳೇ ಬೀಗತಿ ಸಿಕ್ಕಳು ಅಂದುಕೊಂಡೆ.

ಒಂದೊಂದನ್ನೂ ಖಾಲಿಯಿದೆಯೇ ಎಂದು ನೋಡಿ, ಕಣ್ಣು ಮುಚ್ಚಿ ಹೆಗಲಿಗೇರಿಸುವಳು. ಕಣ್ಣು ತೆರೆದಾಗ ಕೋವಿಯ ಮೇಲಿನ ದುರ್ಬೀನಿನ ನಡುವೆ ಎದುರು ಗೋಡೆಯ ಕ್ಯಾಲೆಂಡರ್ ಕಾಣಬೇಕು. ಒಂದರಲ್ಲಿ ಸೂರು ಕಂಡಿತು, ಇನ್ನೊಂದರಲ್ಲಿ ಬರೀ ಕತ್ತಲೆ. "ಮುಂದಿಂದು!" ಎಂದು ಕೂಗುವಳು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ನಾಲ್ಕನೆಯದು ಪರವಾಗಿಲ್ಲ ಅನ್ನಿಸಿತು. ತೋಟಾ ಬದಲಿಸುವ ಬೋಲ್ಟ್ ಎಳೆದು ನೋಡಲು ಹೊರಟಳು. ಎಡಗೈ ಹಿಡಿಯನ್ನು ಬಿಟ್ಟು, ದುರ್ಬೀನಿನ ಮೇಲಿಂದ ಹಾದು, ಬಲಗಡೆಯ ಬೋಲ್ಟ್ ಹುಡುಕಿತು. ತಲೆ ಪಕ್ಕಕ್ಕೆ ವಾಲಿತು, ಕೋವಿಯೂ ವಾಲಿತು.

"ಅಯ್ಯೋ, ನೀನು ಎಡಚೀನಾ?"

"ಹೌದು. ಯಾಕೆ, ಎಡಚೀರಿಗೆ ಮಾರಲ್ವಾ?"

ಇಷ್ಟು ವರ್ಷ ಅವಳಿಗೆ ತೋಟಾ ಮಾರಿದ್ದೇನೆ, ಒಮ್ಮೆಯೂ ಕೈ ನೋಡಿರಲಿಲ್ಲ. ಕಾಲಿನ್ ಕೊಟ್ಟ ಹಳೇ ರೈಫಲ್ಲಿಗೂ ಬೋಲ್ಟ್ ಬಲಗಡೆಯೇ. ನನ್ನ ಬುದ್ಧಿಗಿಷ್ಟು! ಒಳಗೆ ಓಡಿದೆ. ಬೋಲ್ಟ್ ಎಡಗಡೆಗಿದೆ ಎಂಬ ಒಂದೇ ಕಾರಣಕ್ಕೆ ಎರಡು ವರ್ಷದಿಂದ ಯಾರೂ ಮುಟ್ಟದ ರೈಫಲ್ ಒಂದಿತ್ತು. ಅಕ್ರೋಟ ಮರ, ಅಗಲ ಉಗುರು, ಎಲ್ಲ ಸರಿ. ಸಾವಿರದ ಮುನ್ನೂರು.

ಕಣ್ಣು ಮುಚ್ಚಿದಳು, ಎತ್ತಿದಳು, ತೆರೆದಳು.

"ಕ್ಯಾಲೆಂಡರ್! ನಟ್ಟನಡುವೆ!"

ಬೋಲ್ಟ್ ಎಳೆಯಲು ಅವಳ ಎಡಗೈ ಅಭ್ಯಾಸಬಲದಿಂದ ಮೇಲಿಂದ ಹಾರಿ ಬಲಗಡೆ ಗಾಳಿಯನ್ನು ಹಿಡಿಯಿತು. ಕಾಲಿನ್ ಬಾಯಿಯ ಪೈ ನನ್ನ ಮೇಜಿನ ಮೇಲೆಲ್ಲ ಸಿಡಿಯಿತು. ಎರಡನೇ ಸಲವೂ ಗಾಳಿ. ಅವಳಿಗೂ ನಗು ತಡೆಯಲಾಗಲಿಲ್ಲ, ನನಗೂ ಇಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂರನೇ ಸಲ ಕೈ ತನ್ನ ಕಡೆಯಲ್ಲೇ ಉಳಿಯಿತು. ಟಕ್, ಟಕ್. ಮತ್ತೆ ಟಕ್, ಟಕ್. ಕೋವಿ ಅಲುಗಲಿಲ್ಲ, ಕೆನ್ನೆ ಮರ ಬಿಡಲಿಲ್ಲ.

"ನೋಡ್ರೋ! ತಲೆ ಎತ್ತಲೇ ಇಲ್ಲ ನಾನು!" ಎಂದು ಕುಣಿದಳು. ಆಮೇಲೆ ಒಮ್ಮೆಲೇ ನಿಂತು ನಮ್ಮಿಬ್ಬರ ಮುಖ ನೋಡಿದಳು. "ನಿಮಗೆಲ್ಲ ಯಾವಾಗ್ಲೂ ಇಷ್ಟು ಸುಲಭ ಇತ್ತಾ?"

ಕಾಲಿನ್ ಪೈಯನ್ನು ಕೆಳಗಿಟ್ಟ. "ಇತ್ತು ಕಣೇ," ಅಂದ.