ಹಾಲಿಗೆ ಬಿದ್ದ ಇರುವೆ

ನಮ್ಮ ಮನೆಯ ಹೆಂಗಸರಿಗೆ ಬೇಳೆ ಸೇರುತ್ತಿರಲಿಲ್ಲ. ಅವ್ವ ಊರಿಗೆಲ್ಲ ಕಡಲೆಹಿಟ್ಟಿನ ರುಚಿಯಾದ ಝುಣಕ ಮಾಡಿ ಬಡಿಸುತ್ತಿದ್ದಳು, ತಾನು ಮಾತ್ರ ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದು ಏಳುತ್ತಿದ್ದಳು. ಅಕ್ಕನೂ ಹಾಗೆಯೇ, ನಾನೂ ಹಾಗೆಯೇ. ಒತ್ತಾಯಕ್ಕೆ ತಿಂದರೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಈ ಮನೆಯ ಹೆಣ್ಣುಗಳಿಗೆ ಸೊಕ್ಕು ಬಹಳ ಎಂದು ಹಾನಗಲ್ಲಿನ ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವರಿಗೆ ಮತ್ತೇನು ಕೆಲಸವಿತ್ತು!

ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ನಮ್ಮಲ್ಲಿ ಗಂಡುಕೂಸು ನಿಲ್ಲುತ್ತಿರಲಿಲ್ಲ. ಹುಟ್ಟುವಾಗ ಗುಂಡಗೆ, ಕೆಂಪಗೆ, ಚೆನ್ನಾಗಿಯೇ ಹುಟ್ಟುತ್ತಿದ್ದವು. ಎರಡು ಮೂರು ದಿನವಾದ ಮೇಲೆ ನಿದ್ದೆ ಹೋಗುತ್ತಿದ್ದವು. ಆ ನಿದ್ದೆಯಿಂದ ಒಂದೂ ಏಳಲಿಲ್ಲ. ಐದನೆಯ ದಿನ ಹಣೆಬರಹ ಬರೆಯಲು ಬರುವ ಶೆಟಗವ್ವನ ಪೂಜೆಗೆಂದು ತಂದ ಕೊಬ್ಬರಿ ಹಾಗೆಯೇ ಉಳಿಯುತ್ತಿತ್ತು. ಅವ್ವನಿಗೆ ಇಬ್ಬರು ಹೀಗೆ ಹೋಗಿದ್ದರು. ಸವಣೂರಿಗೆ ಕೊಟ್ಟ ಅಕ್ಕನಿಗೂ ಮೊದಲೊಂದು ಹೆಣ್ಣಾಗಿ, ಆಮೇಲಿನ ಇಬ್ಬರು ಗಂಡುಮಕ್ಕಳು ಹೀಗೆಯೇ ಹೋದರು.

ಅಕ್ಕ ಮೂರನೆಯ ಗಂಡುಮಗನನ್ನು ಹೆತ್ತಾಗ ನನಗೆ ಹತ್ತು ವರ್ಷ. ಈ ಸಲ ಅವಳ ಅತ್ತೆ ಸವಣೂರಿನಿಂದ ತಾನೇ ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಈ ಕೂಸೂ ಹೋದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಅಪ್ಪನಿಗೆ ನೇರವಾಗಿಯೇ ಹೇಳಿದ್ದರು. ಆಗಿನ ರೂಢಿಯಂತೆ ಮೊದಲೆರಡು ದಿನ ಕೂಸಿಗೆ ಬೆಲ್ಲದ ನೀರಲ್ಲಿ ಅದ್ದಿದ ಬತ್ತಿಯನ್ನಷ್ಟೇ ಚೀಪಿಸಿದರು. ಮೂರನೆಯ ದಿನ ಬೆಳಿಗ್ಗೆ ಎದೆಗೆ ಹಾಕಬೇಕು ಎನ್ನುವಾಗ ಅತ್ತೆ ತಡೆದರು. ಹೋದ ಇಬ್ಬರೂ ಹಾಲು ಕುಡಿದ ಮೇಲೆಯೇ ಹೋದರಲ್ಲ, ಮೊದಲು ಹಾಲನ್ನು ನೋಡಬೇಕು ಎಂದರು. ಹಾಲಿಗೆ ಇರುವೆ ಬಿಟ್ಟರೆ ಈಜಿ ದಂಡೆಗೆ ಬರಬೇಕು. ಸತ್ತರೆ ಆ ಎದೆಯಲ್ಲಿ ವಿಷವಿದೆ ಎಂದು ಅರ್ಥವಂತೆ. ಅದೇ ಎದೆಹಾಲು ಕುಡಿದ ಅಕ್ಕನ ಮಗಳು ಅಲ್ಲೇ ಅಂಗಳದಲ್ಲಿ ಕುಣಿಯುತ್ತಿದ್ದಳು. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ ಎಂಬುದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಇರುವೆ ತರುವ ಕೆಲಸ ನನ್ನ ಪಾಲಿಗೆ ಬಂತು. ಬೆಲ್ಲದ ಗಡಿಗೆಯ ಹತ್ತಿರ ದೊಡ್ಡದೊಂದು ಕರಿ ಇರುವೆ ಸಿಕ್ಕಿತು. ಕಚ್ಚೀತೆಂದು ಹೆದರಿ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದೆ. ಬೆರಳಿಗೆ ಏನೋ ಅಂಟಿದ ಹಾಗಾಯಿತು. ಕಂಚಿನ ಬಟ್ಟಲಲ್ಲಿ ಅಕ್ಕ ಹಿಂಡಿಕೊಟ್ಟ ಹಾಲಿತ್ತು. ಅದರಲ್ಲಿ ಬಿಟ್ಟಾಗ ಇರುವೆ ಒಮ್ಮೆ ಸುತ್ತು ತಿರುಗಿ ಸುಮ್ಮನಾಯಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ನಾನು ಲಂಗಕ್ಕೆ ಬೆರಳು ಒರೆಸಿಕೊಂಡೆ, ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏಟು ಬೀಳುತ್ತಿತ್ತು ನೋಡಿ, ಆ ಹೆದರಿಕೆ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಹಾಲು ಬತ್ತಲೆಂದು ಅಕ್ಕನ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಒಳಕೋಣೆಯಲ್ಲಿ ಕೂರಿಸಿದರು. ತಿಂಗಳ ಕೂಸಿದ್ದ ಪಕ್ಕದ ಮನೆಯಾಕೆಯನ್ನು ಕರೆದರು. ಪುಣ್ಯಾತ್ಗಿತ್ತಿ ಎರಡು ಮಾತಾಡದೆ ಬಂದು ಹಾಲೂಡಿದಳು. ನಮ್ಮ ಕೂಸು ಚಪ್ಪರಿಸಿ ಚಪ್ಪರಿಸಿ ಕುಡಿಯಿತು. ಆ ಸದ್ದು ಕೇಳಿ ಅವ್ವ ಅತ್ತಳು.

ಮರುದಿನ ಮಧ್ಯಾಹ್ನ ಕೂಸು ಏಳಲಿಲ್ಲ. ಹೊರಗೆ ರಣಗುಡುವ ಬಿಸಿಲು, ಒಳಗೆ ಕೂಸಿನ ಅಂಗಾಲು ತಣ್ಣಗೆ. ಮೈಯಲ್ಲಿ ಜ್ವರವಿಲ್ಲ. ಮಲಗಿದಲ್ಲೇ ದೂರದಿಂದ ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಅದನ್ನು ಯಾರು ಅಟ್ಟಿಸಿಕೊಂಡು ಬಂದಿದ್ದಾರೆ ಎಂದು ನಾನು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮಲ್ಲಿಗೆಯ ವಾಸನೆ ಮನೆ ತುಂಬಿತ್ತು. ಸಂಜೆಯ ಹೊತ್ತಿಗೆ ಆ ಉಸಿರು ನಿಂತಿತು.

ಪಕ್ಕದ ಮನೆಯಾಕೆಯ ಸ್ವಂತ ಕೂಸು ಅದೇ ಹಾಲು ಕುಡಿದು ಗಟ್ಟಿಮುಟ್ಟಾಗಿ ಬೆಳೆಯಿತು. ಆದರೂ ಇರುವೆ ಹೇಳಿದ ತೀರ್ಪನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಾವ ಬೇರೆ ಮದುವೆಯಾದರು. ಅಕ್ಕ ಮಗಳೊಂದಿಗೆ ನಮ್ಮಲ್ಲೇ ಉಳಿದಳು. ಓಣಿಯಲ್ಲಿ ಯಾರೂ ಅವಳ ಕೈಗೆ ಕೂಸು ಕೊಡುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ನಾನು ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಗಂಡುಕೂಸೂ ಹೀಗೆಯೇ ನಿದ್ದೆ ಹೋದಾಗ, ಹುಬ್ಬಳ್ಳಿಯ ಡಾಕ್ಟರೊಬ್ಬರು ಕೂತು ಬಿಡಿಸಿ ಹೇಳಿದರು. ಹಾಲು, ಬೇಳೆಯಂಥ ಪುಷ್ಟಿಯ ಆಹಾರ ಮೈಯಲ್ಲಿ ಕರಗುವಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆಯಂತೆ. ಯಕೃತ್ತಿನ ಕಿಣ್ವಗಳು ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಅವುಗಳಲ್ಲಿ ಒಂದು ಕಿಣ್ವ ನಮ್ಮ ಮನೆಯ ಗಂಡುಕೂಸುಗಳಲ್ಲಿ ಇರುತ್ತಿರಲಿಲ್ಲ. ಆ ವಿಷ ನೇರವಾಗಿ ಮಿದುಳಿಗೆ ಏರುತ್ತಿತ್ತು. ಹೆಂಗಸರಲ್ಲಿ ಅರ್ಧಮರ್ಧ ಇರುತ್ತಿತ್ತು, ಅದಕ್ಕೇ ನಮಗೆ ಬೇಳೆ ಆಗಿಬರುತ್ತಿರಲಿಲ್ಲ. ಹೊಟ್ಟೆಯಲ್ಲಿದ್ದಷ್ಟು ದಿನ ತಾಯಿಯ ಯಕೃತ್ತೇ ಕೂಸಿನ ಕೆಲಸವನ್ನೂ ಮಾಡುತ್ತದೆ, ಹೊಕ್ಕುಳಬಳ್ಳಿ ಕೊಯ್ದ ಮೇಲೆ ಕೂಸು ಒಂಟಿ. ಯಾರ ಹಾಲಾದರೂ ಅಷ್ಟೇ ಎಂದರು. ಒಂಬತ್ತು ತಿಂಗಳು ತನ್ನ ಕೂಸನ್ನು ಕಾಯ್ದವಳೇ ಅಕ್ಕ. ಇದನ್ನು ಅವಳಿಗೆ ಹೇಳಲಾಗಲಿಲ್ಲ. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ನಾನು ಅವಳಿಗೆ ಹೇಳಿದ್ದು ಇರುವೆಯ ಮಾತು ಮಾತ್ರ, ಅದೂ ಬಹಳ ಹಿಂದೆ. ನನ್ನನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ಹಾನಗಲ್ಲಿಗೆ ಬಂದೆ, ಹೆಣ್ಣಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಬಾಗಿಲ ಹೊರಗೆ ಕೂತು ಕೂಸನ್ನು ದೂರದಿಂದ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಆ ಇರಿವಿ ನಿನ್ನ ಹಾಲಿಗೆ ಸಾಯಲಿಲ್ಲ. ನಾನ ಹಿಚುಕಿಬಿಟ್ಟಿದ್ದೆ.”

ಅವಳು ಕೂಸನ್ನೇ ನೋಡುತ್ತ ಹೇಳಿದಳು.

“ಗೊತ್ತೈತಿ. ನೀ ಲಂಗಕ್ಕ ಬೆರಳ ಒರಸಿಕೊಂಡಿದ್ದು ನೋಡಿದ್ದೆ.”

“ಮತ್ತ ಯಾಕ ಹೇಳಲಿಲ್ಲ?”

“ನನ್ನ ಹಾಲ ವಿಷ ಆಗಿದ್ರ, ಬ್ಯಾರೇದಾಕಿ ಹಾಲ ಕುಡದು ಅಂವ ಉಳೀತಿದ್ದ. ವಿಷಾನ ಆಗಿರಲಿ ಅಂತ ಕೈ ಮುಗದಿದ್ದೆ.”

ನಾನು ಕೂಸನ್ನು ಎತ್ತಿ ಅವಳ ತೊಡೆಯ ಮೇಲೆ ಮಲಗಿಸಿದೆ. ಕೂಸು ಗಾಢ ನಿದ್ದೆಯಲ್ಲಿತ್ತು. ಅಕ್ಕ ಅದರ ಮೂಗಿನ ಕೆಳಗೆ ಒಂದು ಬೆರಳು ಹಿಡಿದಳು. ಕೂಸು ಎದ್ದು ಅಳುವ ತನಕ ಆ ಬೆರಳನ್ನು ತೆಗೆಯಲಿಲ್ಲ.